ನೂರರೊಳಗೆ ಬಂದ್ರೆ ಸಾಕು

ಬೆಳಗಾವಿಯ ಗಾಲ್ಫ್ ಮೈದಾನ ಅಂದ್ರೆ ಜನಕ್ಕೆ ನೆನಪಾಗೋದು 2022ರ ಆಗಸ್ಟ್‌ನಲ್ಲಿ ಅಲ್ಲಿ ಅಡಗಿದ್ದ ಚಿರತೆ. ಅದನ್ನ ಹಿಡಿಯೋಕೆ ಸಕ್ರೆಬೈಲಿನಿಂದ ಆನೆಗಳೇ ಬಂದಿದ್ದವು! ಹಾಗಾಗಿ ನಾನು ಗಾಲ್ಫ್ ಆಡ್ತೀನಿ ಅಂದ್ರೆ ಮೊದಲ ಪ್ರಶ್ನೆ ಚಿರತೆಯದ್ದೇ. ಎರಡನೆಯದು, ‘ಎಷ್ಟು ಚಲೋ ಆಡ್ತೀ?’

18 ಹೋಲ್‌ಗೆ ಸಾಮಾನ್ಯವಾಗಿ ಪಾರ್ 72. ನನ್ನದು 108ರ ಆಸುಪಾಸು, ಅಂದ್ರೆ ಹೋಲ್‌ಗೆ ಎರಡು ಹೊಡೆತ ಹೆಚ್ಚು. 90ಕ್ಕೆ ಇಳಿಸಬೇಕಂದ್ರೆ ಕೋಚ್ ಬೇಕು, ವಾರಕ್ಕೆ ಮೂರು ದಿನವಾದ್ರೂ ಬೇಕು. ನನಗಿರೋದು ಭಾನುವಾರದ ಬೆಳಗು. ಅದರಲ್ಲೂ ಎರಡು ವರ್ಷದ ಮಗಳ ಪಾಲಿದೆ.

ಉದ್ಯಮಬಾಗದಲ್ಲಿ ಲೇತ್ ನಡೆಸೋ ನಮ್ಮ ಮಾಮಾನ ಮುಂದೆ ಇದನ್ನ ಹೇಳಿದೆ. ‘ಡ್ರಾಯಿಂಗ್‌ನ್ಯಾಗ ಟಾಲರೆನ್ಸ್ ಎಷ್ಟ್ ಕೊಟ್ಟಾರ, ಅಷ್ಟ ಮಾಡಪಾ. ಅದಕ್ಕಿಂತ ಬಾರೀಕ ಮಾಡಿದ್ರ ಗಿರಾಕಿ ರೊಕ್ಕ ಜಾಸ್ತಿ ಕೊಡಂಗಿಲ್ಲ’ ಅಂದ್ರು.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೆ ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಅವರ ಡ್ರಾಯಿಂಗೇ ಬೇರೆ ಬಿಡಿ. ನನ್ನ ಡ್ರಾಯಿಂಗ್‌ನಲ್ಲಿ 99 ಅಂತ ಬರೆದುಕೊಂಡಿದ್ದೇನೆ. ಒಂಬತ್ತು ಹೊಡೆತ ಉಳಿಸಬೇಕು. ಪಾರ್ 72ರಲ್ಲಿ 36 ಪಟ್ಟಿಂಗ್‌ನದ್ದೇ ಲೆಕ್ಕ, ಅದನ್ನ ಕಲಿಯೋಕೆ ಮನೆಯ ಹಾಲ್ ಸಾಕು. ರಾತ್ರಿ ಊಟ ಆದಮೇಲೆ ಹತ್ತು ನಿಮಿಷ ಹೊಡೀತೀನಿ, ಮಗಳು ಚೆಂಡು ಎತ್ಕೊಂಡು ಓಡದಿದ್ರೆ.