ಪೊಂ ಪೊಂ ಅಂದ್ರೆ ಪಾವ್ ಬಂತು

ಗೋವಾಕ್ಕೆ ಹೋಗಿ ಬೆಳಿಗ್ಗೆ ಹತ್ತಕ್ಕೆ ಏಳುವವರಿಗೆ ಗೋವಾದ ಅರ್ಧ ರುಚಿ ಗೊತ್ತೇ ಆಗೋದಿಲ್ಲ. ಸ್ವಲ್ಪ ಜಂಬದಿಂದಲೇ ಹೇಳ್ತಿದ್ದೀನಿ, ಯಾಕಂದ್ರೆ ಈ ಸಲ ನಾನು ದಿನಾ ಆರೂವರೆಗೆ ಎದ್ದೆ. ಅಲಾರಾಂ ಬೇಕಾಗಲಿಲ್ಲ. ಹಳೇ ಸೈಕಲ್ಲಿನ ರಬ್ಬರ್ ಹಾರ್ನ್ 'ಪೊಂ ಪೊಂ' ಅಂತ ಬೀದಿ ತಿರುವಿನಲ್ಲಿ ಕೇಳಿಸಿದರೆ ಸಾಕು, ಇಡೀ ಓಣಿ ಬಾಗಿಲು ತೆರೆಯುತ್ತೆ. ಕ್ಯಾರಿಯರ್ ಮೇಲೆ ದೊಡ್ಡ ಬುಟ್ಟಿ, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ಇನ್ನೂ ಬಿಸಿ ಆರದ ಪಾವ್.

ಹೀಗೆ ಬ್ರೆಡ್ ತರುವವನಿಗೆ ಕೊಂಕಣಿಯಲ್ಲಿ 'ಪೊದೇರ್' ಅನ್ನುತ್ತಾರೆ, ಪೋರ್ಚುಗೀಸಿನ 'ಪಾದೇಯ್ರೊ'ದಿಂದ ಬಂದ ಪದ. ಸಿಬಿಎಸ್‌ಇ ಓದಿದವರಿಗೆ ಹತ್ತನೇ ಕ್ಲಾಸಿನ ಇಂಗ್ಲಿಷ್ ಪಾಠ 'ಎ ಬೇಕರ್ ಫ್ರಂ ಗೋವಾ' ನೆನಪಿರಬಹುದು, ಲೂಸಿಯೊ ರೊಡ್ರಿಗಸ್ ಬರೆದದ್ದು. ಅದರಲ್ಲಿ ಪೊದೇರ್ ಬಿದಿರಿನ ಕೋಲು ಝಲ್ಲೆನಿಸಿಕೊಂಡು ಬರ್ತಾನೆ, ತಿಂಗಳ ಲೆಕ್ಕವನ್ನು ಮನೆಯ ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೀತಾರೆ. ಈಗ ಕೋಲಿನ ಜಾಗಕ್ಕೆ ಹಾರ್ನ್, ಪೆನ್ಸಿಲ್ ಜಾಗಕ್ಕೆ ಯುಪಿಐ.

ನಾನು ಉಳಿದುಕೊಂಡಿದ್ದು ದಕ್ಷಿಣ ಗೋವಾದ ಮಜೋರ್ಡಾದಲ್ಲಿ. ಬೆಂಗಳೂರಿನಿಂದ ವಾಸ್ಕೊ ರೈಲು ಹತ್ತಿದರೆ ಹುಬ್ಬಳ್ಳಿ, ಲೋಂಡಾ ದಾಟಿ, ದೂಧಸಾಗರದ ಪಕ್ಕದಲ್ಲೇ ಘಟ್ಟ ಇಳಿದು ಮಡಗಾಂವ್ ಸೇರಬಹುದು. ಅಲ್ಲಿಂದ ಮಜೋರ್ಡಾ ಹತ್ತಿರವೇ. ಗೋವಾದ ಬೇಕರಿಗಳ ಕಥೆ ಶುರುವಾಗೋದೇ ಈ ಊರಿಂದ ಅನ್ನುತ್ತಾರೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದಾಗ ಇದು ಅನ್ನ ತಿನ್ನೋ ನಾಡು. ಬಂದವರಿಗೆ ಊಟಕ್ಕೂ ಬ್ರೆಡ್ ಬೇಕು, ಚರ್ಚಿನ ಪೂಜೆಗೂ ಗೋಧಿಯ ರೊಟ್ಟಿ ಬೇಕು. ಜೆಸ್ಯೂಟ್ ಪಾದ್ರಿಗಳು ಈ ಭಾಗದ ಜನರಿಗೆ ಬ್ರೆಡ್ ಸುಡೋದು ಕಲಿಸಿದರಂತೆ. ಯೀಸ್ಟ್ ಎಲ್ಲಿ ತರೋದು? ತೆಂಗಿನ ಮರದಲ್ಲಿ ಇತ್ತು. ತೆಂಗಿನ ಹೆಂಡ, ಇಲ್ಲಿಯವರು 'ಸೂರ್' ಅನ್ನೋದು, ಅದನ್ನೇ ಹಿಟ್ಟಿಗೆ ಸುರಿದು ಹುದುಗು ಬರಿಸಿದರು. ನಮ್ಮ ಕರಾವಳಿಯಲ್ಲಿ ಸನ್ನಣಕ್ಕೆ ಹೆಂಡ ಹಾಕುವ ಮನೆಗಳಿಗೆ ಇದೇನೂ ಹೊಸದಲ್ಲ.

1961ರಲ್ಲಿ ಪೋರ್ಚುಗೀಸರು ಹೋದರು, ಪಾವ್ ಉಳೀತು.

ಪಾವ್ ಅಂದ್ರೆ ಒಂದೇ ತರ ಅಂದುಕೋಬೇಡಿ. ಮೆತ್ತಗಿನ ಚೌಕದ ಪಾವ್ ನಮಗೆಲ್ಲ ಗೊತ್ತು. 'ಉಂಡೊ' ಗುಂಡಗೆ, ಮೇಲ್ಗಡೆ ಗರಿಗರಿ, ಒಳಗೆ ಹತ್ತಿ. ರಾತ್ರಿ ಗಾಡಿಗಳಲ್ಲಿ ಕೊಡೋ ರಸ್ ಆಮ್ಲೆಟ್‌ಗೆ, ಅಂದ್ರೆ ಶಾಕುತಿ ಮಸಾಲೆ ರಸದಲ್ಲಿ ಮುಳುಗಿಸಿದ ಆಮ್ಲೆಟ್‌ಗೆ, ಇದೇ ಸರಿಯಾದ ಜೋಡಿ. 'ಕಾಂಕಣ' ಬಳೆಯಾಕಾರದ್ದು, ನಮ್ಮ ಕಂಕಣವೇ. ಕಟಂ ಅನ್ನುತ್ತೆ, ಚಹಾದಲ್ಲಿ ಅದ್ದಿಯೇ ತಿನ್ನಬೇಕು. ನನಗಂತೂ ಇವೆಲ್ಲಕ್ಕಿಂತ 'ಪೊಯಿ' ಇಷ್ಟ. ಗೋಧಿ ತೌಡು ಮೆತ್ತಿಕೊಂಡ ಚಪ್ಪಟೆ ಬ್ರೆಡ್ಡು, ಸೀಳಿದರೆ ಒಳಗೆ ಜೇಬಿನ ಹಾಗೆ ಟೊಳ್ಳು. ಬೆಣ್ಣೆ ಹಾಕಿದರೆ ಅಂಗೈ ತನಕ ಇಳಿಯುತ್ತೆ. ಸಸ್ಯಾಹಾರಿಗಳು ಬೇಜಾರು ಮಾಡ್ಕೋಬೇಡಿ, ಬೆಳಗಿನ ಹೋಟೆಲುಗಳಲ್ಲಿ ಸಿಗೋ ತೆಳು ರಸದ ಪಾತಳ್ ಭಾಜಿ ಜೊತೆ ಪಾವ್ ತಿನ್ನಿ. ಮುಂಬೈ ಪಾವ್ ಭಾಜಿಗೂ ಇದಕ್ಕೂ ಸಂಬಂಧ ಇಲ್ಲ.

ಮೂರನೇ ದಿನ, ಬೇಕರಿಯನ್ನೇ ನೋಡೋಣ ಅಂತ ನಸುಕಿನ ನಾಲ್ಕಕ್ಕೆ ಹೋದೆ. ಮುರಕಲ್ಲಿನ ಹಳೇ ಕಟ್ಟಡ, ಹೆಂಚಿನ ಮಾಡು. ಒಳಗೆ ಗುಮ್ಮಟದ ತರ ಭಟ್ಟಿ. ಮೊದಲು ಅದರೊಳಗೇ ಸೌದೆ ಉರಿಸಿ, ಕೆಂಡ ಬೂದಿ ಎಳೆದು, ನೆಲ ಒರೆಸ್ತಾರೆ. ಆಮೇಲೆ ಉದ್ದನೆ ಮರದ ಹುಟ್ಟಿನಂಥ ಹಲಗೆ ಮೇಲೆ ಹಿಟ್ಟಿನ ಉಂಡೆ ಇಟ್ಟು ಒಳಗೆ ಜಾರಿಸ್ತಾರೆ. ಕಾದ ಕಲ್ಲೇ ಬೇಯಿಸೋದು. ಪೊಯಿಯ ತಳದ ಆ ಸುಟ್ಟ ಘಮ ಎಲೆಕ್ಟ್ರಿಕ್ ಓವನ್ನಿನಲ್ಲಿ ಬರಲ್ಲ.

ಅಮ್ಮನಿಗೆ ವಾಯ್ಸ್ ನೋಟ್ ಕಳಿಸ್ತಿದ್ದೆ. ಹಲಗೆ ಹಿಡಿದಿದ್ದವನು ತಿರುಗಿ ನೋಡಿದ.

"ಅಕ್ಕಾರ, ಬೆಂಗ್ಳೂರಾಗಿಂದ ಬಂದೀರೇನ್ರೀ?"

ಬಾಗಲಕೋಟೆ ಕಡೆಯವನು. ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾನಂತೆ. "ಮಾಲಕರ ಮಕ್ಕಳು ಲಂಡನ್ನಿನ್ಯಾಗ ಅದಾರ್ರಿ. ಈ ಕೆಲಸ ಯಾರ್ ಮಾಡ್ತಾರ? ಭಟ್ಟಿ ನಾವು ಮೂರು ಮಂದಿ ಲೀಜಿಗೆ ತಗೊಂಡೀವಿ."

ಇದು ಅವನೊಬ್ಬನ ಕಥೆ ಅಲ್ಲ. ಗೋವಾದ ಎಷ್ಟೋ ಸಾಂಪ್ರದಾಯಿಕ ಬೇಕರಿಗಳನ್ನು ಈಗ ಲೀಜಿಗೆ ಹಿಡಿದು ನಡೆಸ್ತಿರೋದು ಕರ್ನಾಟಕದಿಂದ ಹೋದವರು. ಹಳೇ ಮನೆತನಗಳ ಹುಡುಗರು ಗಲ್ಫಿಗೆ, ಹಡಗಿಗೆ, ಇಂಗ್ಲೆಂಡಿಗೆ ಹೋದರು. ಸಂಜೆ ಹಿಟ್ಟು ನಾದಿ, ರಾತ್ರಿಯೆಲ್ಲ ಬೆಂಕಿ ಮುಂದೆ ನಿಂತು, ಬೆಳಗಾದರೆ ಸೈಕಲ್ ತುಳಿಯೋ ಕೆಲಸಕ್ಕೆ ಜೋಳದ ನಾಡಿನವರು ಬಂದರು. ಇವರು ಬಾರದೇ ಇದ್ದಿದ್ದರೆ ಅದೆಷ್ಟು ಭಟ್ಟಿ ಆರಿಹೋಗ್ತಿದ್ದವೋ.

ಆದರೂ 'ಹೊರಗಿನವರು ಬಂದು ಪಾವ್ ಕೆಡಿಸಿದ್ರು' ಅನ್ನೋ ಮಾತು ಅಲ್ಲಿ ಕೇಳಿಬರುತ್ತೆ. ನಾನಿದ್ದ ಮನೆಯ ಅಜ್ಜಿಯೂ ಅದನ್ನೇ ಅಂದರು. ಅವರ ನಾಲಿಗೆಯನ್ನು ನಾನು ಅನುಮಾನಿಸಲ್ಲ. ಸೂರ್ ಹೋಗಿ ಯೀಸ್ಟ್ ಬಂದ ಮೇಲೆ ಆ ತೆಳು ಹುಳಿ, ಆ ಸಿಹಿ ಹೋಗಿರಲೇಬೇಕು. ಆದರೆ ಸೂರ್ ಹೋದದ್ದು ಮರ ಹತ್ತುವವರು ಕಡಿಮೆಯಾಗಿದ್ದಕ್ಕೆ. ಅದಕ್ಕೆ ಬಾಗಲಕೋಟೆಯವನನ್ನು ಬೈದರೆ ಹೇಗೆ? ಅವನಿಗೇ ಕೇಳಿದೆ. ನಕ್ಕ.

"ನಮಗೂ ಅಂತಾರ್ರಿ. ನಾ ಅವರಿಗೆ ಅಂದೆ, ಸೂರ್ ಇಳಸಾವ್ರನ್ನ ಕರಕೊಂಡ್ ಬರ್ರಿ, ಅದನ್ನ ಹಾಕಿ ಮಾಡಿ ಕೊಡ್ತೀನಿ ಅಂತ."

"ನಿಮ್ಮ ಮನೇಲಿ ಏನು ತಿಂತೀರಿ?"

"ರೊಟ್ಟಿನರೀ! ಮನ್ಯಾಕಿ ಬಡೀತಾಳ. ಪಾವ್ ತಿಂದ್ರ ನಮಗ ಹೊಟ್ಟಿ ತುಂಬಂಗಿಲ್ಲ."

ಮಗ ಊರಲ್ಲಿ ಅಜ್ಜಿ ಹತ್ತಿರ ಇದ್ದು ಓದ್ತಿದ್ದಾನಂತೆ. ಈ ಕೆಲಸ ಕಲಿಸ್ತೀಯಾ ಅಂದೆ. "ಯಾಕ್ರೀ? ಅವನು ಡಿಪ್ಲೊಮಾ ಮಾಡ್ಲಿ" ಅಂದು ಹಲಗೆ ಒಳಗೆ ನೂಕಿದ. ಮಾಲೀಕರ ಮನೆಯಲ್ಲೂ ಒಂದು ಕಾಲಕ್ಕೆ ಇದೇ ಮಾತು ನಡೆದಿರಬೇಕು. ಆಮೇಲೆ ಈ ಭಟ್ಟಿ ಮುಂದೆ ಯಾರು ನಿಲ್ತಾರೆ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಪೊಯಿಗಳು ಒಂದೊಂದಾಗಿ ಉಬ್ಬುತ್ತಿದ್ದವು, ಥೇಟ್ ಬಿಸಿ ರೊಟ್ಟಿ ಉಬ್ಬಿದ ಹಾಗೆ.

ನೀವು ಹೋದರೆ ಒಂದು ಮಾತು: ರೆಸಾರ್ಟಿನ ಬಫೆಯಲ್ಲಿ ಇಟ್ಟಿರೋ ಪೊಯಿ ಮುಟ್ಟಬೇಡಿ, ಬೀದಿಗೆ ಬನ್ನಿ. ತಗೊಂಡ ಗಂಟೆಯೊಳಗೆ ತಿಂದುಬಿಡಿ. ಬೆಂಗಳೂರು ಮುಟ್ಟೋ ಹೊತ್ತಿಗೆ ಪೊಯಿ ಚರ್ಮದ ಚಪ್ಪಲಿ ಆಗಿರುತ್ತೆ. ಸ್ವಲ್ಪ ನೀರು ಚಿಮುಕಿಸಿ ಕಾವಲಿ ಮೇಲೆ ಬಿಸಿ ಮಾಡಿದರೆ ತಕ್ಕಮಟ್ಟಿಗೆ ಸುಧಾರಿಸುತ್ತೆ, ಅಷ್ಟೇ. ಮನೆಗೆ ಒಯ್ಯೋಕೆ ಕಾಂಕಣವೇ ವಾಸಿ. ನಾನು ಎರಡು ಡಜನ್ ತಂದಿದ್ದೆ. ಕೋಡುಬಳೆ ಡಬ್ಬದಲ್ಲಿ ಹಾಕಿಟ್ಟಿದ್ದಕ್ಕೋ ಏನೋ, ಮೂರೇ ದಿನದಲ್ಲಿ ಖಾಲಿ.