ಐದೂವರೆಗೆ ನಿಂತ ಹಾಡು

ಸಿಎಸ್‌ಎಂಟಿಯಲ್ಲಿ ಇಳಿದು ಡಿ.ಎನ್. ರೋಡಿನಲ್ಲಿ ಫ್ಲೋರಾ ಫೌಂಟನ್ ಕಡೆಗೆ ನಡೆದರೆ ಎಡಕ್ಕೆ ಸರ್ ಫಿರೋಜ್‌ಶಾ ಮೆಹ್ತಾ ರೋಡ್ ಸಿಗುತ್ತದೆ. ಬ್ಯಾಂಕು, ವಕೀಲರ ಆಫೀಸು, ಜೆರಾಕ್ಸ್ ಅಂಗಡಿಗಳ ಬೀದಿ. ಇಲ್ಲಿನ ಯೂನಿವರ್ಸಲ್ ಇನ್ಶೂರೆನ್ಸ್ ಕಟ್ಟಡದಲ್ಲಿ ಆಗ ಎಚ್‌ಎಂವಿ ಸ್ಟುಡಿಯೋ ಇತ್ತು. 1968ರ ಜನವರಿಯಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಇಲ್ಲಿಗೆ ಬಂದ.

ಬಂದದ್ದು 'ವಂಡರ್‌ವಾಲ್' ಸಿನಿಮಾದ ಸಂಗೀತಕ್ಕೆ. ಜೊತೆಯಲ್ಲೇ ಇನ್ನೊಂದು ಹಾಡಿನ ವಾದ್ಯಭಾಗವನ್ನೂ ಮುಗಿಸಿಕೊಂಡ: 'ದಿ ಇನ್ನರ್ ಲೈಟ್'. ರಾಕ್ ಬ್ಯಾಂಡಿನ ಹಾಡಾದರೂ ಅದರಲ್ಲಿ ಗಿಟಾರೂ ಇಲ್ಲ, ಡ್ರಮ್ಸೂ ಇಲ್ಲ. ಕೇಂಬ್ರಿಜ್‌ನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಹ್ವಾನ್ ಮಸ್ಕರೋ ಎಂಬವರು ಪತ್ರ ಬರೆದು, ಚೀನಾದ 'ದಾವ್ ದ ಜಿಂಗ್'ನ 47ನೇ ಅಧ್ಯಾಯಕ್ಕೆ ರಾಗ ಹಾಕು ಎಂದಿದ್ದರು. ಬಾಗಿಲು ದಾಟದೆಯೇ ಲೋಕವನ್ನು ತಿಳಿಯಬಹುದು ಎನ್ನುವುದು ಅದರ ಮಾತು. ಅದನ್ನು ಹಾಡಾಗಿಸಲು ಪುಣ್ಯಾತ್ಮ ಲಂಡನ್ನಿನಿಂದ ಬೊಂಬಾಯಿಗೆ ಬಂದ!

ಸ್ಟೀರಿಯೋ ಯಂತ್ರವನ್ನು ಕಲ್ಕತ್ತಾದಿಂದ ತರಿಸಿದರಂತೆ. ಅದರಲ್ಲಿ ಎರಡೇ ಟ್ರ್ಯಾಕ್. ವಾದ್ಯಗಳೆಲ್ಲ ಅಲ್ಲೇ, ಆಗಲೇ ಬೆರೆತುಬಿಡಬೇಕು. ಆಮೇಲೆ ಬೇಡದ ಸದ್ದನ್ನು ಹೆಕ್ಕಿ ತೆಗೆಯುವಂತಿಲ್ಲ. ನಾವು ಮೀಟಿಂಗ್ ನಡುವೆ ಕುಕ್ಕರ್ ಕೂಗಿದರೆ ಮ್ಯೂಟ್ ಒತ್ತುತ್ತೇವೆ. ಅವರಿಗೆ ಆ ಸೌಕರ್ಯ ಇರಲಿಲ್ಲ. ಹೊರಗಿನ ಸದ್ದು ತಡೆಯುವ ಗೋಡೆಗಳೂ ಇರಲಿಲ್ಲ. ಸಂಜೆ ಐದೂವರೆಗೆ ಆಫೀಸುಗಳು ಬಿಟ್ಟಾಗ ಜನ ದಡದಡನೆ ಮೆಟ್ಟಿಲಿಳಿಯುವುದು ಒಳಗೆ ಕೇಳಿ, ರೆಕಾರ್ಡಿಂಗ್ ನಿಲ್ಲಿಸಬೇಕಾಗುತ್ತಿತ್ತು ಎಂದು ಹ್ಯಾರಿಸನ್ನೇ ಮುಂದೆ ನೆನೆಸಿಕೊಂಡಿದ್ದಾನೆ.

ಆ ದಿನಗಳಲ್ಲಿ ಅವನಿಗಾಗಿ ಸರೋದ್ ನುಡಿಸಿದವರು ಆಶಿಷ್ ಖಾನ್, ಸಂತೂರ್ ಶಿವಕುಮಾರ್ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ. ಫೆಬ್ರುವರಿಯಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ದನಿ ಸೇರಿಸಿದರು. ಮಾರ್ಚ್ 15ರಂದು 'ಲೇಡಿ ಮಡೋನಾ' ರೆಕಾರ್ಡಿನ ಹಿಂಬದಿಯಲ್ಲಿ ಹಾಡು ಹೊರಬಂತು. ಬೀಟಲ್ಸ್ ಸಿಂಗಲ್ ಒಂದರಲ್ಲಿ ಹ್ಯಾರಿಸನ್ ಹಾಡು ಬಂದದ್ದು ಅದೇ ಮೊದಲು. ಲೇಬಲ್ಲಿನ ಮೇಲೆ ನಮ್ಮ ವಾದಕರ ಹೆಸರಿರಲಿಲ್ಲ.

ನನಗೆ ಮಾತ್ರ ತಲೆಯಲ್ಲಿ ಉಳಿದದ್ದು ಆ ಮೆಟ್ಟಿಲಿಳಿದವರು. ಆ ಕಾಲಕ್ಕೆ ನಮ್ಮ ದೊಡ್ಡಪ್ಪ ಫೋರ್ಟಿನಲ್ಲೇ ಒಂದು ಆಫೀಸ್ ಕ್ಯಾಂಟೀನಿನಲ್ಲಿ ಕಪ್ಪು ತೊಳೆಯುತ್ತಿದ್ದರು. ಉಡುಪಿ ಕಡೆಯ ಎಷ್ಟೋ ಹುಡುಗರ ಹಾಗೆ ಹಗಲು ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ಅವರದು ಇದೇ ಕಟ್ಟಡ ಅಲ್ಲ, ಇದೇ ಸುತ್ತಮುತ್ತ.

ಮೊನ್ನೆ ಡೊಂಬಿವಲಿಗೆ ಹೋದಾಗ ಮೊಬೈಲಿನಲ್ಲಿ ಹಾಡು ಹಾಕಿ, ಕಥೆ ಹೇಳಿದೆ. ಎರಡೂವರೆ ನಿಮಿಷದ ಹಾಡನ್ನು ಕಣ್ಣು ಮುಚ್ಚಿ ಕೇಳಿದರು. ಹಾಡು ಹೇಗಿದೆ ಅಂತ ಹೇಳಲೇ ಇಲ್ಲ.

"ಐದೂವರೆಗೆ ಓಡಿದರೆ ಮಾತ್ರ ಸ್ಕೂಲಿನ ಮೊದಲ ಪೀರಿಯಡ್ ಸಿಕ್ತಿತ್ತು. ಮೆಲ್ಲ ಇಳಿಲಿಕ್ಕೆ ಯಾರಿಗೆ ಪುರುಸೊತ್ತು ಮಾರಾಯ?" ಎಂದರು.