ಬಿಸಿಲು ಒಂದೇ, ರಾತ್ರಿ ಬೇರೆ

ಬಯಲುಸೀಮೆಯ ಊರುಗಳೆಲ್ಲ ಒಂದೇ ಥರ ಅಂತ ಮಲೆನಾಡು, ಕರಾವಳಿಯ ಗೆಳೆಯರು ತಿಳಿದಿರುತ್ತಾರೆ. ಬಿಸಿಲು, ಬಂಡೆ, ಬೇವಿನ ಮರ, ಅಷ್ಟೇ. ನಾನು ಹುಟ್ಟಿ ಬೆಳೆದ ಚಿತ್ರದುರ್ಗ, ಹೆಂಡತಿಯ ತವರಾದ ರಾಯಚೂರು ಎರಡಕ್ಕೂ ಈ ಮಾತು ಒಪ್ಪುತ್ತದೆ. ಎರಡೂ ಕಡೆ ಕಲ್ಲುಬೆಟ್ಟ, ಅಲ್ಲೊಂದು ಕೋಟೆ. ವರ್ಷದ ಮಳೆಯೂ ಎರಡೂ ಕಡೆ 600 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಇಷ್ಟು ಮಳೆ ಜುಲೈನ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತೆ.

ಆದರೆ ಈ ಎರಡು ಊರುಗಳ ವ್ಯತ್ಯಾಸ ಗೊತ್ತಾಗಬೇಕಾದರೆ ರಾತ್ರಿ ಅಲ್ಲಿ ಮಲಗಬೇಕು.

ಮೇ ತಿಂಗಳ ಮಧ್ಯಾಹ್ನ ದುರ್ಗದಲ್ಲಿ 37-38 ಡಿಗ್ರಿ ಇದ್ದರೆ ರಾಯಚೂರಿನಲ್ಲಿ 40 ದಾಟುವುದು ಮಾಮೂಲು. ಬಿಸಿಲಿಗೆ ಹೋದರೆ ಎರಡೂ ಕಡೆ ತಲೆ ಸುಡುತ್ತೆ. ದುರ್ಗದಲ್ಲಿ ಊಟದ ಹೊತ್ತಿಗೆ ಗಾಳಿ ಶುರುವಾಗಿ, ಬೆಳಗಿನ ಜಾವ 22-23 ಡಿಗ್ರಿಗೆ ಇಳಿದಿರುತ್ತೆ. ರಾಯಚೂರಿನಲ್ಲಿ ಹಗಲೆಲ್ಲ ಕಾದ ಮಾಳಿಗೆ ರಾತ್ರಿಯಿಡೀ ಆ ಕಾವನ್ನು ಮನೆಯೊಳಗೆ ಬಿಡುತ್ತೆ. ಸಂಜೆ ಮಾಳಿಗೆಗೆ ನೀರು ಸುರಿದರೂ ಅಷ್ಟಕ್ಕಷ್ಟೆ. "ರಾತ್ರಿ ಹೊದ್ಕೊಂಡು ಮಲಗೋ ಊರಿನವರು ಬಿಸ್ಲಿನ ಮಾತು ಆಡಬಾರ್ದ್ರಿ" ಅಂತ ಮಾವ ನನ್ನನ್ನು ಛೇಡಿಸುತ್ತಿರುತ್ತಾರೆ.

ಇದಕ್ಕೆ ಮೊದಲ ಕಾರಣ ಎತ್ತರ. ದುರ್ಗ ಸಮುದ್ರಮಟ್ಟದಿಂದ 700 ಮೀಟರ್‌ಗೂ ಮೇಲಿದೆ, ರಾಯಚೂರು ಸುಮಾರು 400 ಮೀಟರ್. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತೆ. ಆ ಲೆಕ್ಕದಲ್ಲಿ ಎರಡು ಡಿಗ್ರಿ ಇಲ್ಲೇ ಸಿಕ್ಕಿತು. ಎರಡನೆಯದು ಗಾಳಿ. ಮುಂಗಾರಿನ ಮೋಡಗಳು ಘಟ್ಟದಲ್ಲೇ ಮಳೆ ಸುರಿಸಿ ಬರುತ್ತವೆ. ನಮಗೆ ಜೂನ್‌ನಿಂದ ಆಗಸ್ಟ್‌ವರೆಗೆ ಉಳಿಯುವುದು ಮೋಡದ ನೆರಳು ಮತ್ತು ಗಾಳಿ. ಬೆಟ್ಟದ ಸಾಲಿನ ಮೇಲೆ ಅಷ್ಟೊಂದು ಗಾಳಿಯಂತ್ರಗಳು ನಿಂತಿರುವುದೂ ಅದಕ್ಕೇ.

ಹಾಗಂತ ದುರ್ಗಕ್ಕೆ ಎಲ್ಲವೂ ಸಿಕ್ಕಿಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ ನಮ್ಮ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ರಾಯಚೂರು ಜಿಲ್ಲೆಗೆ ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ಸಿಂಧನೂರು, ಮಾನ್ವಿ ಕಡೆ ಕಾಲುವೆ ನೀರಿಗೆ ಭತ್ತದ ಗದ್ದೆಗಳು ಕಣ್ಣು ಹಾಯಿಸಿದಷ್ಟೂ ಹಸಿರು. ನಮ್ಮಲ್ಲಿ ತಂಪಿದೆ, ನೀರಿಲ್ಲ. ಅಲ್ಲಿ ನೀರಿದೆ, ತಂಪಿಲ್ಲ.

ಇದೆಲ್ಲ ಮಾತಿಗೆ ಚೆಂದ. ಆದರೆ ಹೋದ ವರ್ಷ ಮೇನಲ್ಲಿ ಅತ್ತೆ ತಲೆಸುತ್ತು ಬಂದು ಬಿದ್ದರು. ಎರಡು ದಿನ ಡ್ರಿಪ್ ಹಾಕಿಸಬೇಕಾಯ್ತು. ಅವರು ಬಿಸಿಲಿಗೇ ಹೋಗಿರಲಿಲ್ಲ! ನಾಲ್ಕೈದು ರಾತ್ರಿ ನಿದ್ದೆ ಇಲ್ಲದೆ, ಮೈ ತಣಿಯದೆ ಹೀಗಾಗಿದೆ ಅಂದರು ಡಾಕ್ಟರ್. ಮನೆಯಲ್ಲಿ ಕೂಲರ್ ಇದೆ. ಗಾಳಿ ಒಣಗಿದ್ದಾಗ ನೀರು ಬೇಗ ಆವಿಯಾಗಿ ಅದು ಚೆನ್ನಾಗಿ ತಂಪು ಮಾಡುತ್ತೆ. ಒಂದು ಮಳೆ ಬಿದ್ದು ಗಾಳಿಯಲ್ಲಿ ತೇವ ತುಂಬಿತೋ, ಅದೇ ಕೂಲರ್‌ನಿಂದ ಬರೀ ಅಂಟಂಟು. ಕರೆಂಟ್ ಹೋದರಂತೂ ಮುಗೀತು.

ಈ ವರ್ಷ ಬೇಸಿಗೆಗೆ ದುರ್ಗಕ್ಕೆ ಬನ್ನಿ ಅಂದೆವು. "ಬೀಗರ ಮನ್ಯಾಗ ತಿಂಗಳುಗಟ್ಟಲೆ ಹ್ಯಾಂಗ್ ಇರೋದ್ರಿ?" ಅಂತ ಅತ್ತೆ ಒಪ್ಪಲಿಲ್ಲ. ಕೊನೆಗೆ ನಮ್ಮಮ್ಮನೇ ಫೋನ್ ಮಾಡಿ, "ಸಂಡಿಗೆ ಇಡೋಕೆ ನನಗೆ ಒಬ್ಬಳಿಗೇ ಆಗಲ್ಲ, ನೀವು ಬರಲೇಬೇಕು" ಅಂದರು. ಜೋಳದ ಹಿಟ್ಟಿನ ಚೀಲದೊಂದಿಗೆ ಇಬ್ಬರೂ ಬಂದರು, ಐದು ವಾರ ಇದ್ದರು. "ಗಾಳಿ ಚಲೋ ಅದ, ಆದ್ರ ನಿಮ್ಮೂರಿಗೆ ಒಂದು ಹೊಳಿ ಇಲ್ಲಲ್ರಿ" ಅನ್ನೋದು ಮಾವನ ತಕರಾರು. ಅತ್ತೆ ಮಾತ್ರ ರಾತ್ರಿ ಕಣ್ತುಂಬ ನಿದ್ದೆ ಮಾಡಿದರು.

ರಾಯಚೂರಿನ ಕೋಟೆ ನೋಡುವುದಿದ್ದರೆ ನವೆಂಬರ್‌ನಿಂದ ಜನವರಿಯೊಳಗೆ ಹೋಗಿ. ದುರ್ಗಕ್ಕೆ ಜುಲೈ ಗಾಳಿಯಲ್ಲೂ ಬರಬಹುದು. ಬಿಸಿಲೂರಿನಲ್ಲಿ ನಿಮ್ಮ ಹಿರಿಯರಿದ್ದರೆ, ಹವಾಮಾನ ವರದಿಯಲ್ಲಿ ಗರಿಷ್ಠ ಉಷ್ಣಾಂಶವೊಂದನ್ನೇ ನೋಡಿ ಬಿಡಬೇಡಿ. ಪಕ್ಕದಲ್ಲಿರುವ ಕನಿಷ್ಠ ಉಷ್ಣಾಂಶವನ್ನೂ ನೋಡಿ, ಬೆಳಿಗ್ಗೆ ಫೋನ್ ಮಾಡಿ "ನಿದ್ದೆ ಬಂತಾ?" ಅಂತ ಕೇಳಿ.